ಕಣ್ಣಿನ ಪಾಠವನ್ನು ಮಾತಿನಲ್ಲಿ ಹೇಳಿಕೊಡುವುದು: ಎನ್‌ವಿಎಲ್‌ಡಿ ಇರುವ ಮಕ್ಕಳಿಗೆ ಕಲಿಸುವ ಬಗೆ

ನಾನ್‌ವರ್ಬಲ್ ಲರ್ನಿಂಗ್ ಡಿಸೆಬಿಲಿಟಿ, ಚಿಕ್ಕದಾಗಿ ಎನ್‌ವಿಎಲ್‌ಡಿ. ಈ ಹೆಸರು ಕೇಳಿದವರಲ್ಲಿ ಹೆಚ್ಚಿನವರು ಮಾತು ಬಾರದ ಮಗುವನ್ನು ಕಲ್ಪಿಸಿಕೊಳ್ಳುತ್ತಾರೆ. ನಿಜ ಅದಕ್ಕೆ ತದ್ವಿರುದ್ಧ. ಈ ಮಕ್ಕಳು ಅರಳು ಹುರಿದಂತೆ ಮಾತಾಡುತ್ತಾರೆ. ಕೇಳಿದ್ದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ, ವಯಸ್ಸಿಗೆ ಮೀರಿದ ಪದಗಳನ್ನು ಬಳಸುತ್ತಾರೆ. ತೊಡಕು ಇರುವುದು ಮಾತಿನ ಮೂಲಕ ಬಾರದ ಸಂಗತಿಗಳಲ್ಲಿ: ಆಕಾರ, ದಿಕ್ಕು, ಅಂತರ, ಹಾಳೆಯ ಮೇಲೆ ಯಾವುದು ಎಲ್ಲಿದೆ ಎಂಬ ಜೋಡಣೆ, ಎದುರಿನವರ ಮುಖಭಾವ, ದನಿಯ ಏರಿಳಿತ. ಜತೆಗೆ ಕತ್ತರಿ ಹಿಡಿಯುವುದು, ಗುಂಡಿ ಹಾಕುವುದು, ಚೆಂಡು ಹಿಡಿಯುವುದು ಮುಂತಾದ ಕೈಕೆಲಸಗಳಲ್ಲೂ ಹಲವರು ಹಿಂದೆ ಬೀಳುತ್ತಾರೆ.

ಹೀಗಾಗಿ ತರಗತಿಯಲ್ಲಿ ಈ ಮಗುವಿಗೆ ಆಗುವ ಮೊದಲ ಅನ್ಯಾಯವೆಂದರೆ ಅದರ ಮಾತಿನಿಂದ ಅದರ ಶಕ್ತಿಯನ್ನು ಅಳೆಯುವುದು. ‘ಇಷ್ಟು ಚೆನ್ನಾಗಿ ಮಾತಾಡುವವನಿಗೆ ಎರಡಂಕಿಯ ಕಳೆಯುವ ಲೆಕ್ಕ ಬರುವುದಿಲ್ಲವೇ? ಸೋಮಾರಿತನ, ಅಷ್ಟೆ’ ಎಂಬ ತೀರ್ಮಾನ. ಸೋಮಾರಿತನ ಎಂಬ ಪದವನ್ನು ಪಕ್ಕಕ್ಕಿಟ್ಟ ದಿನ ಪಾಠ ಶುರುವಾಗುತ್ತದೆ.

1967ರಲ್ಲಿ ಡೋರಿಸ್ ಜಾನ್ಸನ್ ಮತ್ತು ಹೆಲ್ಮರ್ ಮೈಕಲ್‌ಬಸ್ಟ್ ಕಲಿಕಾ ನ್ಯೂನತೆಗಳ ಬಗ್ಗೆ ಬರೆದಾಗ ಮಾತಿಗೆ ಸಂಬಂಧಿಸದ ಈ ಬಗೆಯನ್ನೂ ವಿವರಿಸಿದ್ದರು. ಆಮೇಲೆ ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ಬೈರನ್ ರೂರ್ಕ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1989ರಲ್ಲಿ ಒಂದು ಇಡೀ ಪುಸ್ತಕ ತಂದರು. ಆದರೂ 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5ರಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಇದರ ಪರಿಣಾಮ ನೇರವಾಗಿ ಶಾಲೆಯ ಮೇಲಾಗುತ್ತದೆ: ಒಂದೇ ಬಗೆಯ ತೊಂದರೆ ಇರುವ ಇಬ್ಬರು ಮಕ್ಕಳ ವರದಿಗಳಲ್ಲಿ ಬೇರೆಬೇರೆ ಹೆಸರು ಇರಬಹುದು, ಒಬ್ಬರಿಗೆ ಯಾವ ಹೆಸರೂ ಸಿಗದೆ ಇರಬಹುದು. ಮನಶ್ಶಾಸ್ತ್ರಜ್ಞರ ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಭಾಷೆಯ ಅಂಕ ಮೇಲಿದ್ದು, ಆಕಾರ ಮತ್ತು ಜೋಡಣೆಯ ಅಂಕ ತೀರಾ ಕೆಳಗಿದ್ದರೆ ಅದು ಗಮನಿಸಬೇಕಾದ ಸುಳಿವು. ಆ ಅಂತರವೊಂದರಿಂದಲೇ ಎನ್‌ವಿಎಲ್‌ಡಿ ಎನ್ನಲಾಗದು. ರೋಗನಿರ್ಣಯ ಶಿಕ್ಷಕರ ಕೆಲಸವಲ್ಲ, ನಿಜ. ಆದರೆ ಲೆಕ್ಕದ ಅಂಕಿಗಳು ಸಾಲು ತಪ್ಪದಂತೆ ಚೌಕುಳಿ ಪುಸ್ತಕ ಕೊಡುವುದಕ್ಕೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ.

ಮುಂದಿನ ಎಲ್ಲ ಉಪಾಯಗಳ ಹಿಂದೆ ಇರುವುದು ಒಂದೇ ತತ್ವ. ಉಳಿದ ಮಕ್ಕಳು ಕಣ್ಣಿನಿಂದ ತಾವಾಗಿಯೇ ಹಿಡಿಯುವುದನ್ನು ಈ ಮಗುವಿಗೆ ಮಾತಿನಲ್ಲಿ, ಹಂತಹಂತವಾಗಿ, ಬಾಯಿಬಿಟ್ಟು ಹೇಳಬೇಕು. ಆಮೇಲೆ ಆ ಮಾತನ್ನು ಮಗುವಿನ ಬಾಯಿಗೇ ಒಪ್ಪಿಸಬೇಕು.

ಇಲ್ಲೇ ಒಂದು ದೊಡ್ಡ ಎಡವಟ್ಟು ಆಗುತ್ತದೆ. ‘ಕಲಿಕೆಯಲ್ಲಿ ತೊಂದರೆ ಇದೆಯೇ, ಚಿತ್ರ ತೋರಿಸಿ ಹೇಳಿಕೊಡಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಓದಿನಲ್ಲಿ ಕಷ್ಟಪಡುವ ಮಗುವಿಗೆ, ಆಟಿಸಂ ಇರುವ ಹಲವು ಮಕ್ಕಳಿಗೆ ಚಿತ್ರದ ಪಟ್ಟಿ ಬಹಳ ಉಪಯುಕ್ತ. ಎನ್‌ವಿಎಲ್‌ಡಿ ಇರುವ ಮಗುವಿಗೆ ಅದೇ ಪಟ್ಟಿ ಇನ್ನೊಂದು ಒಗಟು. ಬಾಣದ ಗುರುತುಗಳ ನಕ್ಷೆ, ಮೈಂಡ್ ಮ್ಯಾಪ್, ಒಂದೇ ಪುಟದಲ್ಲಿ ಹತ್ತು ಪೆಟ್ಟಿಗೆ ಜೋಡಿಸಿದ ಚಾರ್ಟ್, ಇವೆಲ್ಲ ಮಗುವಿನ ಅತ್ಯಂತ ದುರ್ಬಲವಾದ ದಾರಿಯಲ್ಲೇ ಪಾಠವನ್ನು ಕಳಿಸುತ್ತವೆ. ಅದರ ಬದಲು ಅಂಕಿ ಹಾಕಿದ ವಾಕ್ಯಗಳು ಸಾಕು. ದಿನದ ವೇಳಾಪಟ್ಟಿಯೂ ಕೋಷ್ಟಕದಲ್ಲಿ ಬೇಡ. ‘1. ಮೊದಲು ಕನ್ನಡ. 2. ಆಮೇಲೆ ಗಣಿತ, ಚೌಕುಳಿ ಪುಸ್ತಕ ತೆಗೆ’ ಎಂದು ಒಂದರ ಕೆಳಗೊಂದು ಬರೆದು ಮೇಜಿನ ಮೇಲೆ ಅಂಟಿಸಬಹುದು. ಚಿತ್ರ ಬಿಡಲಾಗದ ಪಾಠವಾದರೆ, ಚಿತ್ರದ ಪಕ್ಕದಲ್ಲಿ ಅದು ಏನು ಹೇಳುತ್ತದೆಂದು ಮೂರ್ನಾಲ್ಕು ವಾಕ್ಯ ಇರಲೇಬೇಕು.

ಗಣಿತದಲ್ಲಿ ಇದು ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡೋಣ. 52ರಲ್ಲಿ 27 ಕಳೆಯಬೇಕು. ಮಗುವಿನ ಉತ್ತರ 35. ಮಗ್ಗಿ ಬಾಯಿಪಾಠ ಬರುವ ಮಗು ಇದು, ಅಂಕಿಗಳ ಜ್ಞಾನಕ್ಕೆ ಕೊರತೆಯಿಲ್ಲ. ಆಗಿದ್ದೇನೆಂದರೆ, ‘ಮೇಲಿನದು’, ‘ಕೆಳಗಿನದು’ ಎಂಬ ಸ್ಥಾನಕ್ಕೆ ಅರ್ಥವಿದೆ ಎಂಬುದೇ ಅದಕ್ಕೆ ಹೊಳೆದಿಲ್ಲ. 2 ಮತ್ತು 7 ಎರಡು ಅಂಕಿ, ದೊಡ್ಡದರಲ್ಲಿ ಚಿಕ್ಕದು ಕಳೆದರೆ 5. ಅತ್ತ 5ರಲ್ಲಿ 2 ಹೋದರೆ 3. ಇನ್ನೊಂದು ದಿನ ಅಂಕಿಗಳು ಓರೆಯಾಗಿ ಇಳಿದು, ಹತ್ತರ ಸ್ಥಾನದ್ದು ಬಿಡಿಯ ಕೆಳಗೆ ಬಂದು ಕೂತಿರುತ್ತದೆ.

ಮೊದಲು ಹಾಳೆ ಸರಿಮಾಡಬೇಕು. ಒಂದು ಸೆಂಟಿಮೀಟರ್ ಚೌಕದ ಪುಸ್ತಕ ಕೊಡಿ, ಒಂದು ಮನೆಗೆ ಒಂದೇ ಅಂಕಿ. ಚೌಕುಳಿ ಇಲ್ಲದಿದ್ದರೆ ಗೆರೆ ಪುಸ್ತಕವನ್ನೇ ಅಡ್ಡ ತಿರುಗಿಸಿದರಾಯಿತು, ಗೆರೆಗಳು ಕಂಬಗಳಾಗುತ್ತವೆ. ಪುಟಕ್ಕೆ ಹನ್ನೆರಡು ಲೆಕ್ಕ ತುರುಕಬೇಡಿ, ನಾಲ್ಕು ಸಾಕು. ಎರಡು ಲೆಕ್ಕದ ನಡುವೆ ಕನಿಷ್ಠ ಎರಡು ಮನೆ ಖಾಲಿ. ಮಾಡುತ್ತಿರುವ ಲೆಕ್ಕ ಮಾತ್ರ ಕಾಣುವಂತೆ ರಟ್ಟಿನಲ್ಲಿ ಕತ್ತರಿಸಿದ ಮೂಲೆಮಟ್ಟದಂಥ ತುಂಡನ್ನು ಹಾಳೆಯ ಮೇಲಿಟ್ಟುಕೊಳ್ಳಲಿ. ಬಲಗಡೆ ಎಡಗಡೆ ಗೊಂದಲವಿರುವ ಮಗುವಿಗೆ ಬಿಡಿ ಸ್ಥಾನದ ಮೇಲೆ ಹಸಿರು ಚುಕ್ಕಿ ಇಟ್ಟು, ‘ಹಸಿರು ಚುಕ್ಕಿಯಿಂದ ಶುರು’ ಎಂದು ಹೇಳಿಕೊಡಿ. ಕೂಡುವ ಚಿಹ್ನೆ, ಕಳೆಯುವ ಚಿಹ್ನೆ ಎರಡೂ ಒಂದೇ ಪುಟದಲ್ಲಿದ್ದರೆ, ಲೆಕ್ಕ ಶುರುಮಾಡುವ ಮುಂಚೆ ಚಿಹ್ನೆಗೆ ಸುತ್ತು ಹಾಕಿ ಅದರ ಹೆಸರನ್ನು ಹೇಳಿಸಿ.

ಆಮೇಲೆ ಮಾತು. ಮೊದಲು ಶಿಕ್ಷಕರು ಹೇಳುತ್ತ ಮಾಡಿ ತೋರಿಸುವುದು: ‘ಹಸಿರು ಚುಕ್ಕಿಯಿಂದ ಶುರು. ಮೇಲೆ 2, ಕೆಳಗೆ 7. ಯಾವಾಗಲೂ ಮೇಲಿನದರಲ್ಲಿ ಕೆಳಗಿನದು ಕಳೆಯಬೇಕು. 2ರಲ್ಲಿ 7 ಹೋಗುವುದಿಲ್ಲ. ಪಕ್ಕದ ಮನೆಯಿಂದ ಒಂದು ಹತ್ತು ತಂದುಕೊಳ್ಳುತ್ತೇನೆ. 5 ಹೊಡೆದು 4 ಬರೆದೆ. 2 ಈಗ 12 ಆಯಿತು. 12ರಲ್ಲಿ 7 ಹೋದರೆ 5. ಈಗ ಪಕ್ಕದ ಮನೆ. 4ರಲ್ಲಿ 2 ಹೋದರೆ 2. ಉತ್ತರ 25. ತಾಳೆ ನೋಡುತ್ತೇನೆ: 25ಕ್ಕೆ 27 ಕೂಡಿದರೆ 52, ಸರಿ.’ ಎರಡನೇ ಲೆಕ್ಕವನ್ನು ಇಬ್ಬರೂ ಕೂಡಿ ಹೇಳುತ್ತ ಮಾಡಿ. ಮೂರನೆಯದನ್ನು ಮಗು ಗಟ್ಟಿಯಾಗಿ ಹೇಳಿಕೊಂಡು ತಾನೇ ಮಾಡಲಿ. ಕೆಲವು ದಿನ ಕಳೆದ ಮೇಲೆ ಪಿಸುಮಾತಿನಲ್ಲಿ, ಇನ್ನೂ ಕೆಲವು ದಿನ ಬಿಟ್ಟು ಮನಸ್ಸಿನಲ್ಲಿ. ಗಟ್ಟಿದನಿಯಿಂದ ಮೌನಕ್ಕೆ ಇಳಿಸುವ ಈ ಕ್ರಮ ಹೊಸದಲ್ಲ. ಡೊನಾಲ್ಡ್ ಮೈಕನ್‌ಬಾಮ್ ಮತ್ತು ಜೋಸೆಫ್ ಗುಡ್‌ಮನ್ 1971ರಲ್ಲೇ ಆತುರದ ಸ್ವಭಾವದ ಮಕ್ಕಳಿಗೆ ಇದನ್ನು ಬಳಸಿ ವಿವರಿಸಿದ್ದಾರೆ. ಪಿಸುಮಾತಿಗೆ ಇಳಿಸಿದಾಗ ಹಳೆಯ ತಪ್ಪು ಮರಳಿ ಬಂದರೆ ಗಾಬರಿಪಡಬೇಕಿಲ್ಲ, ಎರಡು ದಿನ ಗಟ್ಟಿದನಿಗೆ ವಾಪಸ್ ಹೋಗಿ.

ಒಂದು ಎಚ್ಚರ. ಈ ಮಕ್ಕಳ ಬಾಯಿಪಾಠದ ಶಕ್ತಿ ಎಷ್ಟೆಂದರೆ, ಅರ್ಥವಾಗದೆಯೂ ಇಡೀ ಸಾಲನ್ನು ಒಪ್ಪಿಸಿಬಿಡುತ್ತಾರೆ. ಪರೀಕ್ಷಿಸಲು ಒಳ್ಳೆಯ ದಾರಿ ಎಂದರೆ ತಪ್ಪಾಗಿ ಮಾಡಿದ ಲೆಕ್ಕವನ್ನು ಕೊಟ್ಟು, ‘ಇಲ್ಲಿ ಯಾವ ಹೆಜ್ಜೆ ತಪ್ಪಿದೆ, ಹೇಳು’ ಎನ್ನುವುದು. ಅಥವಾ 58ರಲ್ಲಿ 23 ಕಳೆಯಲು ಕೊಡಿ. ಹತ್ತು ತರುವ ಅಗತ್ಯವೇ ಇಲ್ಲದ ಕಡೆ ಅಭ್ಯಾಸಬಲದಿಂದ ತಂದುಕೊಂಡರೆ, ಮಾತು ಬಂದಿದೆ, ಅರ್ಥ ಬಂದಿಲ್ಲ ಎಂದೇ ಲೆಕ್ಕ. ಆಗ ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಬೇಕು. ಅದನ್ನೂ ಸುಮ್ಮನೆ ಕೈಗೆ ಕೊಟ್ಟರೆ ಪ್ರಯೋಜನ ಕಡಿಮೆ. ‘ಒಂದು ಕಟ್ಟು ಬಿಚ್ಚಿದೆ, ಹತ್ತು ಬಿಡಿ ಆಯಿತು’ ಎಂದು ಮಗುವೇ ಹೇಳುತ್ತ ಬಿಚ್ಚಬೇಕು.

ಮುಂದಿನ ತರಗತಿಗಳಲ್ಲಿ ಕೋನಮಾಪಕ ಬರುತ್ತದೆ. ಎಷ್ಟೋ ಮಕ್ಕಳು ಗಣಿತವನ್ನೇ ಕೈಬಿಡುವುದು ಇಂಥ ಉಪಕರಣದ ಮುಂದೆ. ಆ ಅರ್ಧವೃತ್ತದಲ್ಲಿ ಎರಡು ಸಾಲು ಅಂಕಿಗಳಿವೆ, ಒಂದು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಒಂದೇ ಗೆರೆಯ ಬಳಿ 60 ಕೂಡ ಇದೆ, 120 ಕೂಡ ಇದೆ. ಯಾವುದನ್ನು ಓದಬೇಕೆಂದು ಕಣ್ಣೇ ಹೇಳಬೇಕು, ಈ ಮಗುವಿನ ಕಣ್ಣು ಅದನ್ನು ಹೇಳುವುದಿಲ್ಲ. ಆದ್ದರಿಂದ ಅಳೆಯುವ ಮುಂಚೆಯೇ ಒಂದು ವಾಕ್ಯ ಬರೆಸಿ. ಹಾಳೆಯ ಮೂಲೆಯನ್ನು ಕೋನದ ಮೇಲಿಟ್ಟು, ‘ಇದು ಮೂಲೆಗಿಂತ ಚಿಕ್ಕದು, ಲಘುಕೋನ, ಉತ್ತರ 90ಕ್ಕಿಂತ ಕಡಿಮೆ ಬರಬೇಕು’ ಎಂದು. ಆಮೇಲೆ ಉಪಕರಣದ ನಡುಬಿಂದು ಕೋನದ ತುದಿಯ ಮೇಲೆ, ತಳದ ಗೆರೆ ಒಂದು ಬಾಹುವಿನ ಮೇಲೆ. ‘ನನ್ನ ಬಾಹು ಯಾವ ಸೊನ್ನೆಯ ಕಡೆ ಹೋಗಿದೆ?’ ಆ ಸೊನ್ನೆಯ ಮೇಲೆ ಬೆರಳಿಟ್ಟು 10, 20, 30 ಎಂದು ಎಣಿಸುತ್ತ ಇನ್ನೊಂದು ಬಾಹುವಿನವರೆಗೆ ಹೋಗುವುದು. ಕೊನೆಗೆ ಮೊದಲು ಬರೆದ ವಾಕ್ಯಕ್ಕೆ ಹೋಲಿಸುವುದು. 120 ಬಂದಿದ್ದರೆ ಆ ವಾಕ್ಯವೇ ತಪ್ಪನ್ನು ಹಿಡಿದುಕೊಡುತ್ತದೆ. ಶುರುವಿನಲ್ಲಿ ಒಂದು ಸಾಲು ಅಂಕಿಗಳನ್ನು ಬಿಳಿ ಟೇಪಿನಿಂದ ಮುಚ್ಚಬಹುದು. ಹಾಗೆ ಮುಚ್ಚಿದಾಗ, ಬಾಹು ಇನ್ನೊಂದು ಕಡೆಗಿದ್ದರೆ ಹಾಳೆಯನ್ನೇ ತಿರುಗಿಸಬೇಕೆಂದು ಹೇಳಿಕೊಡುವುದನ್ನು ಮರೆಯಬೇಡಿ.

ನಕ್ಷೆ, ಗ್ರಾಫ್‌ಗಳಿಗೂ ಇದೇ ಜಾಡು. ಶೀರ್ಷಿಕೆ ಓದು, ಅಡ್ಡ ಗೆರೆ ಏನನ್ನು ಅಳೆಯುತ್ತದೆ ಹೇಳು, ಉದ್ದ ಗೆರೆ ಏನನ್ನು ಅಳೆಯುತ್ತದೆ ಹೇಳು, ಒಂದು ಬಿಂದು ಆರಿಸಿ ಅದರ ಬಗ್ಗೆ ಒಂದು ವಾಕ್ಯ ಹೇಳು. ಪ್ರತಿ ಸಲವೂ ಇದೇ ಕ್ರಮ, ಅದಲುಬದಲು ಬೇಡ.

ಬರವಣಿಗೆಗೆ ಬಂದರೆ, ಕನ್ನಡದ ಅಕ್ಷರಗಳೇ ಈ ಮಗುವಿಗೆ ಒಂದು ಕಸರತ್ತು. ಪ, ಫ, ಷ ನೋಡಿ. ಬ, ಭ ನೋಡಿ. ದ, ಧ ನೋಡಿ. ವ್ಯತ್ಯಾಸವೆಲ್ಲ ಒಂದು ಚಿಕ್ಕ ಗೆರೆಯಲ್ಲಿ. ‘ಚೆನ್ನಾಗಿ ನೋಡಿ ಬರೆ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ‘ಪ ಬರೆದು ಕೆಳಗೆ ಸೀಳು ಕೊಟ್ಟರೆ ಫ, ಹೊಟ್ಟೆಯಲ್ಲಿ ಗೆರೆ ಎಳೆದರೆ ಷ’ ಎಂದರೆ ಕೈ ತಾನಾಗಿ ಆ ಮಾತಿನ ಹಿಂದೆ ಹೋಗುತ್ತದೆ. ಅರ್ಕಾವತ್ತು ಇನ್ನೂ ತೊಡಕಿನದು, ಕಿವಿಗೆ ಮೊದಲು ಕೇಳುವ ರಕಾರವನ್ನು ಕೈ ಕೊನೆಗೆ ಬರೆಯುತ್ತದೆ. ‘ಮೊದಲು ಕೇಳಿದೆ, ಕೊನೆಗೆ ಬರೆದೆ’ ಎಂಬ ಒಂದೇ ಸಾಲು ಇಲ್ಲಿ ಬಹಳ ಕೆಲಸ ಮಾಡುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಢಿಕ್ಕಿ ಹೊಡೆಯದಂತೆ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಸಿ.

ಬೋರ್ಡಿನಿಂದ ನಕಲು ಮಾಡಿಸುವುದನ್ನು ನಿಲ್ಲಿಸಿಬಿಡುವುದೇ ಒಳ್ಳೆಯದು. ತಲೆ ಎತ್ತಿ ಬೋರ್ಡಿನಲ್ಲಿ ಜಾಗ ಹುಡುಕಿ, ತಲೆ ತಗ್ಗಿಸಿ ಪುಸ್ತಕದಲ್ಲಿ ಜಾಗ ಹುಡುಕುವಷ್ಟರಲ್ಲಿ ಪಾಠ ಮುಗಿದಿರುತ್ತದೆ, ಮಗುವಿಗೆ ಒಂದು ಅಕ್ಷರವೂ ತಲೆಗೆ ಹೋಗಿರುವುದಿಲ್ಲ. ಬೋರ್ಡಿನಲ್ಲಿ ಬರೆಯುವುದನ್ನು ಮೊದಲೇ ಹಾಳೆಯಲ್ಲಿ ಕೊಡಿ, ನಡುನಡುವೆ ತುಂಬಲು ನಾಲ್ಕೈದು ಜಾಗ ಖಾಲಿ ಬಿಡಿ. ಕೀಬೋರ್ಡ್ ಕಲಿಕೆಯನ್ನು ಬೇಗ ಶುರುಮಾಡಿ. ಪರೀಕ್ಷೆಯಲ್ಲಿ ವೃತ್ತ ತುಂಬುವ ಪ್ರತ್ಯೇಕ ಉತ್ತರಪತ್ರಿಕೆ ಇದ್ದರೆ, ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಲು ಬಿಡಿ. ಒಂದು ಸಾಲು ತಪ್ಪಿದರೆ ಅದರ ಕೆಳಗಿನ ಎಲ್ಲ ಉತ್ತರಗಳೂ ತಪ್ಪುತ್ತವೆ, ಆ ಅಂಕ ಮಗುವಿನ ತಿಳುವಳಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಓದಿನ ಕಥೆ ಬೇರೆ. ಅಕ್ಷರ ಕಲಿಯುವಾಗ ತಡವಾದರೂ, ಒಮ್ಮೆ ಹಿಡಿತಕ್ಕೆ ಬಂದಮೇಲೆ ಈ ಮಕ್ಕಳಲ್ಲಿ ಹಲವರು ಪಟಪಟ ಓದುತ್ತಾರೆ. ಎಲ್ಲರೂ ನಿರಾಳರಾಗುತ್ತಾರೆ. ಮೇಲಿನ ತರಗತಿಗಳಲ್ಲಿ, ಪಾಠ ಹೇಳದೆ ಬಿಟ್ಟದ್ದನ್ನು ಊಹಿಸಬೇಕಾಗಿ ಬಂದಾಗ, ಅಂಕ ಕುಸಿಯುತ್ತದೆ. ‘ಅವಳು ಕೊಡೆಯನ್ನು ಬಾಗಿಲ ಹೊರಗೇ ಇಟ್ಟು ಒಳಗೆ ಬಂದಳು’ ಎಂಬ ವಾಕ್ಯವಿದೆ. ಹೊರಗೆ ಏನಾಗುತ್ತಿತ್ತು ಎಂದು ಕೇಳಿದರೆ ಮಗು, ‘ಪಾಠದಲ್ಲಿ ಹೇಳಿಲ್ಲ’ ಎನ್ನುತ್ತದೆ. ಕೊಡೆ ಏಕೆ ಬೇಕು, ಒದ್ದೆ ಕೊಡೆಯಿಂದ ನೀರು ಸೋರುತ್ತದೆ, ಎಲ್ಲ ಗೊತ್ತು. ಎರಡನ್ನು ಹೊಲಿಯುವ ದಾರ ಇಲ್ಲ. ಆ ದಾರವೂ ಒಂದು ವಾಕ್ಯವೇ: ‘ಪಾಠ ಹೇಳಿದ್ದು ಇದು. ನನಗೆ ಗೊತ್ತಿರುವುದು ಇದು. ಆದ್ದರಿಂದ ಇದು.’ ದಿನಕ್ಕೆ ಎರಡೇ ಪ್ರಶ್ನೆ, ಆದರೆ ಮೂರೂ ಸಾಲನ್ನು ಪೂರ್ತಿ ಬರೆಸಬೇಕು. ಇದರ ಜತೆಗೆ, ಪಾಠ ಶುರುವಾಗುವ ಮುಂಚೆ ಇಡೀ ಪಾಠ ಏನೆಂದು ಎರಡು ವಾಕ್ಯದಲ್ಲಿ ಹೇಳಿಬಿಡಿ. ಬಿಡಿಬಿಡಿ ಸಂಗತಿಗಳಿಂದ ಇಡಿಯನ್ನು ಕಟ್ಟಿಕೊಳ್ಳುವುದು ಇವರಿಗೆ ಬಲು ಕಷ್ಟ. ಇಡಿ ಮೊದಲು ಕೈಗೆ ಸಿಕ್ಕರೆ ಬಿಡಿಗಳು ಅದರೊಳಗೆ ಕೂರುತ್ತವೆ. ಪ್ರತಿ ಪ್ಯಾರಾ ಮುಗಿದ ಮೇಲೆ ಅಂಚಿನಲ್ಲಿ ಒಂದು ವಾಕ್ಯ, ಹತ್ತು ಪದ ಮೀರದಂತೆ. ಪದಗಳ ಮಿತಿ ಇಡದಿದ್ದರೆ ಪ್ಯಾರಾವನ್ನೇ ಇಳಿಸಿಬಿಡುತ್ತಾರೆ.

ಇನ್ನು ತರಗತಿಯ ಒಡನಾಟ. ನನ್ನ ಮಟ್ಟಿಗೆ ಅತ್ಯಂತ ನೋವಿನ ಭಾಗ ಇದು, ಏಕೆಂದರೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಗೆಳೆಯರು ಬೇಕೇಬೇಕು. ಶಿಕ್ಷಕಿ ಕೇಳುತ್ತಾರೆ, ‘ಇದನ್ನು ಮುಗಿಸೋಕೆ ಇನ್ನೂ ಎಷ್ಟು ದಿನ ಬೇಕಪ್ಪ ನಿನಗೆ?’ ಮಗು ಗಂಭೀರವಾಗಿ, ‘ಎರಡು ದಿನ ಬೇಕು ಮಿಸ್’ ಎನ್ನುತ್ತದೆ. ತರಗತಿ ನಗುತ್ತದೆ, ಮಗುವಿಗೆ ಉದ್ಧಟತನದ ಪಟ್ಟ. ದನಿಯಲ್ಲಿದ್ದ ಸಿಟ್ಟು ಅದಕ್ಕೆ ಮುಟ್ಟಿಲ್ಲ, ಪದಗಳು ಮಾತ್ರ ಮುಟ್ಟಿವೆ, ಪದಗಳಿಗೆ ಸರಿಯಾದ ಉತ್ತರವನ್ನೇ ಅದು ಕೊಟ್ಟಿದೆ. ‘ನನಗೆ ಬೇಸರವಾಗಿದೆ. ಮಾತು ನಿಲ್ಲಿಸಿ ಮೂರನೇ ಪ್ರಶ್ನೆ ಬರೆ’ ಎಂದು ನೇರವಾಗಿ ಹೇಳಿದರೆ ಮಗು ಬರೆಯುತ್ತದೆ. ಕಣ್ಣಲ್ಲೇ ಗದರುವುದು, ಮೌನದಿಂದ ಎಚ್ಚರಿಸುವುದು, ಸುತ್ತುಬಳಸಿ ಸೂಚಿಸುವುದು, ಯಾವುದೂ ಇಲ್ಲಿ ಫಲ ಕೊಡದು.

ಒಡನಾಟದ ನಿಯಮಗಳನ್ನೂ ಅಳತೆ ಸಮೇತ ಹೇಳಿ. ‘ಹತ್ತಿರ ನಿಲ್ಲಬೇಡ’ ಅಲ್ಲ, ‘ಕೈ ಚಾಚಿದಷ್ಟು ದೂರ ನಿಲ್ಲು’. ‘ಜಾಸ್ತಿ ಮಾತಾಡಬೇಡ’ ಅಲ್ಲ, ‘ಮೂರು ವಾಕ್ಯ ಹೇಳಿದ ಮೇಲೆ ಅವನನ್ನು ಒಂದು ಪ್ರಶ್ನೆ ಕೇಳು’. ಕೇಳುವವರು ಬೇಸತ್ತಿರುವ ಗುರುತನ್ನೂ ಬಿಡಿಸಿ ಹೇಳಿ: ಕಣ್ಣು ಬೇರೆ ಕಡೆ ಹೋಗುತ್ತದೆ, ಬರೀ ‘ಹ್ಞೂಂ’ ಎನ್ನುತ್ತಾರೆ, ಮೈ ಬಾಗಿಲ ಕಡೆ ತಿರುಗುತ್ತದೆ. ಮೂರರಲ್ಲಿ ಎರಡು ಕಂಡರೆ ಮಾತು ನಿಲ್ಲಿಸು. ಗುಂಪಿನ ಕೆಲಸದಲ್ಲಿ ಪೋಸ್ಟರ್ ಬಿಡಿಸುವ ಪಾಲು ಈ ಮಗುವಿಗೆ ಕೊಡಬೇಡಿ, ಓದುವ, ವಿವರಿಸುವ ಪಾಲು ಕೊಡಿ. ಪಾತ್ರವನ್ನು ಹೆಸರಿಟ್ಟು ಕೊಡಿ, ‘ನೀವೇ ಹಂಚಿಕೊಳ್ಳಿ’ ಎಂದರೆ ಮಗು ಹೊರಗೇ ಉಳಿಯುತ್ತದೆ.

ಈ ಮಕ್ಕಳು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ. ಇನ್ನೊಂದು ಮಗು ಮುಟ್ಟಿ, ತಿರುಗಿಸಿ, ನೋಡಿ ತಿಳಿಯುವುದನ್ನು ಇವರು ಕೇಳಿ ತಿಳಿಯುತ್ತಾರೆ. ತರಗತಿಯ ನಡುವೆ ಅದಕ್ಕೆ ಹೊತ್ತಿಲ್ಲದಿದ್ದರೆ ಪ್ರಶ್ನೆಗಳನ್ನು ಬರೆದಿಡಲು ಒಂದು ಚೀಟಿ ಕೊಡಿ, ಕೊನೆಯ ಐದು ನಿಮಿಷ ಅವಕ್ಕೇ ಮೀಸಲು ಎಂದು ಮಾತು ಕೊಡಿ, ಮಾತು ಉಳಿಸಿಕೊಳ್ಳಿ.

ಹೊಸ ಜಾಗ, ದಿಢೀರ್ ಬದಲಾವಣೆ ಎರಡೂ ಭಯ ಹುಟ್ಟಿಸುತ್ತವೆ. ಕೊಠಡಿ ಬದಲಾದರೆ ಹಿಂದಿನ ದಿನವೇ ಹೇಳಿ. ಕಟ್ಟಡ ಖಾಲಿಯಿದ್ದಾಗ ಮಗುವಿನ ಜತೆ ನಡೆದು, ದಾರಿಯನ್ನು ವಾಕ್ಯ ಮಾಡಿಕೊಡಿ: ‘ಬಾಗಿಲಿಂದ ಹೊರಗೆ ಬಂದು ನೀರಿನ ನಲ್ಲಿಯ ಕಡೆ ತಿರುಗು. ಮೂರು ಬಾಗಿಲು ದಾಟು. ಮೆಟ್ಟಿಲು ಹತ್ತಿದರೆ ಎದುರಿಗೇ ಲ್ಯಾಬ್.’ ವಾಪಸ್ ಬರುವ ದಾರಿಯನ್ನು ಬೇರೆಯಾಗಿಯೇ ಕಲಿಸಬೇಕು. ಹೋದ ದಾರಿಯನ್ನು ಮನಸ್ಸಿನಲ್ಲಿ ತಿರುವಿಹಾಕುವುದು ಇವರಿಗೆ ತಾನಾಗಿ ಆಗುವುದಿಲ್ಲ, ಎಷ್ಟೋ ಮಕ್ಕಳು ಹೋಗುವಾಗ ಸರಿಯಾಗಿ ಹೋಗಿ ಬರುವಾಗ ಕಳೆದುಹೋಗುತ್ತಾರೆ.

ಇಷ್ಟೆಲ್ಲ ಮಾತಿನ ದಾರಿ ಎಂದ ಮೇಲೆ ಮಾತಿನ ಮಳೆ ಸುರಿಸುವ ಅಪಾಯವೂ ಇದೆ. ಒಂದು ಸಲಕ್ಕೆ ಎರಡು ಸೂಚನೆ, ಅದಕ್ಕಿಂತ ಹೆಚ್ಚು ಬೇಡ. ಮಗು ಕೈಯಿಂದ ಏನಾದರೂ ಮಾಡುತ್ತಿರುವಾಗ ಮಾತಾಡಬೇಡಿ. ಹೇಳಿ, ನಿಲ್ಲಿಸಿ, ಮಾಡಲು ಬಿಟ್ಟು, ಆಮೇಲೆ ಮುಂದಿನದು ಹೇಳಿ. ಒಂದು ಕೆಲಸಕ್ಕೆ ಒಂದೇ ಪದಗುಚ್ಛ ಇರಲಿ. ಶಾಲೆಯಲ್ಲಿ ‘ಹತ್ತು ತಂದುಕೊ’, ಮನೆಯಲ್ಲಿ ‘ಸಾಲ ತಗೋ’ ಎಂದರೆ ಮಗುವಿಗೆ ಅವು ಎರಡು ಬೇರೆ ಕೆಲಸಗಳು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ತಾನಾಗಿ ಹರಿಯುವುದಿಲ್ಲ. ಗಣಿತದ ಪುಸ್ತಕದಲ್ಲಿ ಕಲಿತ ಗ್ರಾಫ್ ಓದುವ ಕ್ರಮವನ್ನು ವಿಜ್ಞಾನದ ಪುಸ್ತಕ ತೆರೆದು, ‘ಅದೇ ನಾಲ್ಕು ವಾಕ್ಯ ಇಲ್ಲೂ’ ಎಂದು ತೋರಿಸಲೇಬೇಕು.

ವಯಸ್ಸು ಹೆಚ್ಚಿದಂತೆ ಆತಂಕ ಮತ್ತು ಖಿನ್ನತೆಯ ಕಡೆಗೂ ಕಣ್ಣಿಡಬೇಕು. ಬೆಳಗ್ಗೆ ಹೊಟ್ಟೆನೋವು, ಶಾಲೆಗೆ ಹೋಗುವುದಿಲ್ಲವೆಂಬ ಹಟ, ಬಾಯ್ತುಂಬ ಮಾತಾಡುತ್ತಿದ್ದವರು ಮಂಕಾಗುವುದು ಕಂಡರೆ ಅದನ್ನು ನೆಪ ಎಂದು ತಳ್ಳಿಹಾಕದೆ ಆಪ್ತಸಮಾಲೋಚಕರ ಬಳಿ ಕಳಿಸಿ. ಮಾತು ಚೆನ್ನಾಗಿ ಬರುವುದರಿಂದ ಇವರು ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳುತ್ತಾರೆ ಎಂದು ನಾವು ನಂಬುತ್ತೇವೆ. ಭಾವನೆಗೆ ಹೆಸರಿಡುವುದು ಮಾತ್ರ ಇವರಿಗೆ ಸುಲಭವಲ್ಲ, ಅದನ್ನೂ ನಾವೇ ಕೇಳಬೇಕು.

ವರ್ಷದ ಕೊನೆಗೆ, ಮುಂದಿನ ತರಗತಿಯ ಶಿಕ್ಷಕರಿಗೆಂದು ಒಂದು ಪುಟ ಸಿದ್ಧಮಾಡಿ, ಅದನ್ನು ಮಗುವಿನಿಂದಲೇ ಹೇಳಿಸಿ ಬರೆಯಿರಿ. ನನಗೆ ಯಾವ ಪುಸ್ತಕ ಬೇಕು, ಬೋರ್ಡಿನಲ್ಲಿ ಬರೆದದ್ದು ನನಗೆ ಹೇಗೆ ಸಿಗಬೇಕು, ಯಾವ ವಾಕ್ಯಗಳನ್ನು ಹೇಳಿಕೊಂಡು ನಾನು ಲೆಕ್ಕ ಮಾಡುತ್ತೇನೆ, ತಪ್ಪು ಮಾಡಿದಾಗ ನನಗೆ ಹೇಗೆ ಹೇಳಬೇಕು. ಬರೆದಾದ ಮೇಲೆ ಹೊಸ ತರಗತಿ ಶುರುವಾಗುವ ಮುಂಚಿನ ವಾರ ಆ ಪುಟವನ್ನು ಮಗುವೇ ಹೊಸ ಶಿಕ್ಷಕರ ಮುಂದೆ ಕೂತು ಗಟ್ಟಿಯಾಗಿ ಓದಲಿ.